ಒಂದು ಕಾಲಿಗೆ ಚಪ್ಪಲಿ

ನಮ್ಮ ಮನೆಗೆ ಹೊಸ ಸೀರೆ ಬಂದರೆ ಯಾರೂ ಮೊದಲಿಗೆ ಚೆನ್ನಾಗಿದೆ ಎನ್ನುತ್ತಿರಲಿಲ್ಲ. ತಂದವರು ಅದನ್ನು ಚಾಪೆಯ ಮೇಲೆ ಬಿಡಿಸಿ ಹಾಕಿ, "ಎಷ್ಟಿರಬಹುದು ಹೇಳಿ?" ಎಂದು ಕೇಳುತ್ತಿದ್ದರು. ಸುತ್ತ ಕೂತ ಹೆಂಗಸರು ಸೆರಗು ಮುಟ್ಟಿ, ಅಂಚು ತಿರುವಿ, ಜರಿಯನ್ನು ಉಗುರಿನಿಂದ ಕೆರೆದು ಒಬ್ಬೊಬ್ಬರೂ ಒಂದೊಂದು ಬೆಲೆ ಹೇಳುತ್ತಿದ್ದರು. ಕೊಟ್ಟದ್ದಕ್ಕಿಂತ ಹೆಚ್ಚು ಹೇಳಿದರೆ ತಂದವರ ಮುಖ ಅರಳುತ್ತಿತ್ತು. ಕಡಿಮೆ ಹೇಳಿದರೆ ಆಮೇಲೆ ಬರುವ ಕಾಫಿ ಸ್ವಲ್ಪ ನೀರಾಗಿರುತ್ತಿತ್ತು. ಕೊನೆಗೆ ಎಲ್ಲರೂ ನನ್ನ ಅತ್ತೆಯ ಕಡೆ ತಿರುಗುತ್ತಿದ್ದರು.

ಅತ್ತೆ ಅಪ್ಪನ ತಂಗಿ. ಶೇಷಾದ್ರಿಪುರಂನ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿರಲಿಲ್ಲ, ಶ್ರೀರಾಂಪುರದಲ್ಲಿ ಒಂದು ರೂಮು, ಒಂದು ಅಡುಗೆಮನೆ ಇರುವ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಕನ್ನಡಕವನ್ನು ಹಣೆಗೇರಿಸಿ, ಸೀರೆಯ ಮೇಲ್ಭಾಗ ನೋಡದೆ ಒಳಭಾಗವನ್ನಷ್ಟೇ ನೋಡಿ, ಒಂದು ಬೆಲೆ ಹೇಳುತ್ತಿದ್ದಳು. ಹತ್ತಿಪ್ಪತ್ತು ರೂಪಾಯಿ ಆಚೀಚೆ ಅದೇ ಆಗಿರುತ್ತಿತ್ತು.

ಅವಳ ಸ್ವಂತ ಸೀರೆಗಳ ವಿಷಯಕ್ಕೆ ಬಂದಾಗ ಮಾತ್ರ ಆಟ ಬೇರೆ. ತಾನು ಉಟ್ಟ ಸೀರೆಯ ಬೆಲೆಯನ್ನು ಅತ್ತೆ ಹೇಳುತ್ತಲೇ ಇರಲಿಲ್ಲ. ಯಾರು ಏನು ಹೇಳಿದರೂ "ಹೂಂ, ಹತ್ರ ಬಂದ್ರಿ" ಎಂದು ನಕ್ಕುಬಿಡುತ್ತಿದ್ದಳು. ಅದನ್ನು ನಾನು ದೊಡ್ಡಸ್ತಿಕೆ ತೋರಿಸಿಕೊಳ್ಳದ ಗುಣ ಎಂದುಕೊಂಡಿದ್ದೆ. ದೊಡ್ಡವಳಾದ ಮೇಲೆ ನಾನೂ ನನ್ನ ಬಟ್ಟೆಗಳ ಬೆಲೆ ಹೇಳುವುದನ್ನು ಬಿಟ್ಟೆ.

ಬಟ್ಟೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವಳು ಕಲಿಸಿದ್ದು. ತೊಂಬತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಭಾನುವಾರ ಅವಳು ಚಾಮರಾಜಪೇಟೆಯ ನಮ್ಮ ಮನೆಗೆ ಬರುತ್ತಿದ್ದಳು. ಊಟ ಮುಗಿಸಿ ನಾವಿಬ್ಬರೂ ಮಾರ್ಕೆಟ್ ದಾಟಿ ಚಿಕ್ಕಪೇಟೆಗೆ ನಡೆದೇ ಹೋಗುತ್ತಿದ್ದೆವು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಬಾರದು, ಬಾಗಿಲಿಗೆ ತಂದು ನೋಡಬೇಕು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು, ಸುಕ್ಕು ಎಷ್ಟು ಹೊತ್ತಿಗೆ ಹೋಗುತ್ತದೆ ನೋಡಬೇಕು. ಒಂದೇ ಸಲ ಮೂರು ಬಣ್ಣ ಇಷ್ಟವಾದರೆ ಮೂರನ್ನೂ ಬಿಟ್ಟು ಬರಬೇಕು. ಇಂಥ ಮಾತುಗಳನ್ನು ಅವಳು ಗಣಿತದ ಸೂತ್ರ ಹೇಳುವ ಹಾಗೆ ಹೇಳುತ್ತಿದ್ದಳು.

ರಜೆ ಬಂದರೆ ಪ್ರವಾಸ. ಮೆಜೆಸ್ಟಿಕ್‌ನಿಂದ ಬೆಳಗಿನ ಕೆಂಪು ಬಸ್ಸು, ಒಂದೇ ಒಂದು ಚೀಲ, ಚಪಾತಿ, ಚಟ್ನಿಪುಡಿ. ಮೇಲುಕೋಟೆ, ತಲಕಾಡು, ಬೇಲೂರು. ಲಾಡ್ಜಿನಲ್ಲಿ ಅವಳು ಎಂದೂ ಇಳಿಯುತ್ತಿರಲಿಲ್ಲ. ಉಪ್ಪಾರಪೇಟೆಯ ಲಾಡ್ಜುಗಳ ಮುಂದೆ ಹಾಯುವಾಗ ಅವುಗಳ ಬೋರ್ಡು ಕಂಡರೂ ಮೂಗು ಮುರಿಯುತ್ತಿದ್ದಳು. ಛತ್ರ, ಇಲ್ಲವೆ ಗೊತ್ತಿದ್ದವರ ಮನೆಯ ಜಗಲಿ. ರಾತ್ರಿ ಒಗೆದರೆ ಬೆಳಗಿಗೆ ಒಣಗುವ ಸೀರೆ ಒಂದು, ಮೈಮೇಲೆ ಒಂದು. ನನ್ನ ಬಸ್ ಚಾರ್ಜನ್ನೂ ಅವಳೇ ಕೊಡುತ್ತಿದ್ದಳು. ಮನೆಯಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ. ಆ ಬಸ್ಸುಗಳಲ್ಲಿ ಅವಳ ಪಕ್ಕ ಕೂತು ನಾನು ಮಾತಾಡಿದಷ್ಟನ್ನು ಬೇರೆ ಯಾರೂ ಕೇಳಿಸಿಕೊಂಡಿಲ್ಲ.

ಎಂ.ಎಸ್ಸಿ. ಓದುವಾಗ, ಎರಡು ಸಾವಿರದ ಆರರ ಸುಮಾರಿಗೆ, ನಾನು ಒಂದು ಬ್ಲಾಗ್ ಶುರು ಮಾಡಿದೆ. ಹೆಸರು ಹಾಕಿರಲಿಲ್ಲ, ಫೋಟೋ ಇರಲಿಲ್ಲ. ಮನೆಯ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು, ಗಾಂಧಿ ಬಜಾರಿನಲ್ಲಿ ಕೊಂಡ ಒಂದು ಕಪ್ಪು ಕುರ್ತಾವನ್ನು ಐದು ದಿನ ಐದು ಥರ ಹಾಕುವುದು ಹೇಗೆ, ಮಲ್ಲೇಶ್ವರದ ಎಂಟನೇ ಕ್ರಾಸಿನ ಫುಟ್‌ಪಾತಿನಲ್ಲಿ ಯಾವ ಹೊತ್ತಿಗೆ ಹೋದರೆ ಒಳ್ಳೆಯ ದುಪಟ್ಟಾ ಸಿಗುತ್ತದೆ, ಎರಡು ದಿನದ ಮೇಲುಕೋಟೆಗೆ ಏನೇನು ಒಯ್ಯಬೇಕು ಎಂದು ಬರೆಯುತ್ತಿದ್ದೆ. ಓದುವವರು ನಲವತ್ತೋ ಐವತ್ತೋ ಜನ. ಬರೆಯುತ್ತಿರುವವಳು ನಾನು ಎಂದು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಬರೆದದ್ದನ್ನು ಪ್ರಿಂಟ್ ತೆಗೆಸಿ ಅವಳಿಗೆ ಕೊಡುತ್ತಿದ್ದೆ. ಅವಳು ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿ ವಾಪಸು ಕೊಡುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು ಅತ್ತೆಯ ಚೌಕಾಸಿಯ ಬಗ್ಗೆ ಬರೆದದ್ದು. ಅವಳು ಯಾವಾಗಲೂ ಹೋಗುತ್ತಿದ್ದ ಸೀರೆ ಅಂಗಡಿ ಚಿಕ್ಕಪೇಟೆಯ ಒಂದು ಓಣಿಯಲ್ಲಿತ್ತು. ನೆಲಕ್ಕೆಲ್ಲ ಗಾದಿ ಹಾಸಿ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅತ್ತೆ ಬೆಲೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಸೇಲ್ಸ್‌ನವನು ಬೆಲೆ ಹೇಳಿದ ಕೂಡಲೇ ನೆರಿಗೆ ಸರಿಮಾಡಿಕೊಂಡು ಏಳುತ್ತಿದ್ದಳು. ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ಕಾಲು ಇನ್ನೂ ಗಾದಿಯ ಅಂಚಿನಲ್ಲಿರುವಾಗ ಒಳಗಿನಿಂದ, "ಬನ್ನಿ ಟೀಚರ್, ಕೂತ್ಕೊಳ್ಳಿ, ನಿಮಗೆ ಇಲ್ಲ ಅನ್ನಕ್ಕಾಗತ್ತಾ" ಎಂಬ ಮಾತು ಬರುತ್ತಿತ್ತು. ಬೆಲೆ ಮುನ್ನೂರೋ ನಾನೂರೋ ಇಳಿಯುತ್ತಿತ್ತು. ಜೊತೆಗೆ ಬಂದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲೆ 'ಒಂದೇ ದರ' ಎಂದು ಒಂದು ಬೋರ್ಡಿತ್ತು. ನಾನು ಒಮ್ಮೆ ಅದನ್ನು ತೋರಿಸಿದಾಗ, "ಬೋರ್ಡು ಹೊಸಬರಿಗೆ ಕಣೇ, ನಮಗಲ್ಲ" ಎಂದಿದ್ದಳು. ನಮ್ಮನ್ನು ಅವಳು ಯಾವಾಗಲೂ ಆ ಬೋರ್ಡಿಗೆ ಬೆನ್ನು ಮಾಡಿ ಕೂರಿಸುತ್ತಿದ್ದಳು.

ಇದನ್ನೆಲ್ಲ ನಾನು ಬರೆದೆ. ಪ್ರಿಂಟ್ ಓದಿದ ಅತ್ತೆ ಕೊನೆಯಲ್ಲಿ ಒಂದು ಸಾಲು ಸೇರಿಸಲು ಹೇಳಿದಳು: ಆ ಅಂಗಡಿಗೆ ಹೋದರೆ ಟೀಚರ್ ಕಳಿಸಿದರು ಎಂದು ಹೇಳಿ, ಒಳ್ಳೆಯ ಮಾಲು ತೋರಿಸುತ್ತಾರೆ. ಸೇರಿಸಿದೆ. ಅಂಗಡಿಯ ಗುರುತನ್ನೂ ಓಣಿಯನ್ನೂ ಸ್ಪಷ್ಟವಾಗಿ ಬರೆದೆ. ಕೆಲವರು ಹೋಗಿ ಬಂದು ಖುಷಿಯಾಗಿ ಕಾಮೆಂಟ್ ಹಾಕಿದರು. ಓದುಗರಲ್ಲಿ ಒಬ್ಬಳು ಮಾತ್ರ, ತಾನು ಯಾರ ಹೆಸರೂ ಹೇಳದೆ ಹೋದೆ, ಒಂದು ಕಾಲಿಗಲ್ಲ ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡೆ, ಬಸ್ ಸ್ಟಾಪಿನವರೆಗೂ ನಡೆದೆ, ಯಾರೂ ಕರೆಯಲಿಲ್ಲ ಎಂದು ಬರೆದಿದ್ದಳು. ಅದಕ್ಕೆ ನಾನು, ಬೋರ್ಡಿಗೆ ಬೆನ್ನು ಮಾಡಿ ಕೂತಿದ್ದಿರಾ ಎಂದು ಉತ್ತರ ಬರೆದೆ. ನನಗೆ ನಾನೇ ಬಹಳ ಚುರುಕಾಗಿ ಕಂಡ ಉತ್ತರ ಅದು.

ಓದು ಮುಗಿದು ಬಸವನಗುಡಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ಕೊಡುವುದು ನಮ್ಮಲ್ಲಿ ರೂಢಿ. ಮಾರ್ಚಿನ ಒಂದು ಶನಿವಾರ ಅತ್ತೆಯ ಜೊತೆ ಅದೇ ಅಂಗಡಿಗೆ ಹೋದೆ. ನೇರಳೆ ಬಣ್ಣದ ರೇಷ್ಮೆ ಸೀರೆ, ಸಾಸಿವೆ ಬಣ್ಣದ ಅಂಚು. ಎರಡು ಸಾವಿರದ ಇನ್ನೂರು ಎಂದರು. ಅತ್ತೆ ಎದ್ದಳು, ಒಂದು ಕಾಲಿಗೆ ಚಪ್ಪಲಿ ಹಾಕಿದಳು, ಕರೆದರು. ಸಾವಿರದ ಎಂಟುನೂರ ಐವತ್ತಕ್ಕೆ ಮುಗಿಯಿತು. ದಾರಿಯಲ್ಲಿ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಸಾಮಾನ್ಯವಾಗಿ ನಾನು ಯಾರ ಕೈಯನ್ನೂ ಹಿಡಿಯುವವಳಲ್ಲ.

ಮೇ ಕೊನೆಗೆ ಅತ್ತೆ ರಿಟೈರ್ ಆಗುವುದಿತ್ತು. ಮುಂದಿನ ಭಾನುವಾರ ನಮ್ಮ ಮನೆಯಲ್ಲೇ ಊಟ. ಅವಳಿಗೆ ಅಮ್ಮನ ಸೀರೆಯದೇ ಜೋಡಿ ಕೊಡಬೇಕೆಂದು ನಾನು ಮಾರ್ಚಿನಲ್ಲೇ ಗಿಣಿಹಸಿರು ಬಣ್ಣದ್ದೊಂದರ ಮೇಲೆ ಕಣ್ಣಿಟ್ಟಿದ್ದೆ. ಕಚೇರಿಯಿಂದ ಬೇಗ ಹೊರಟು, ಜೀವನದಲ್ಲಿ ಮೊದಲ ಸಲ ಆ ಅಂಗಡಿಗೆ ಒಬ್ಬಳೇ ಹೋದೆ.

ಸೇಲ್ಸ್‌ನವನು ಹೊಸಬ. ಸೀರೆ ಅಲ್ಲೇ ಇತ್ತು, ಅದೇ ನೇಯ್ಗೆ, ಅದೇ ಅಂಚು. ಬೆಲೆ ಕೇಳಿದೆ. ಸಾವಿರದ ನಾನೂರ ಐವತ್ತು ಎಂದ.

ಅವನು ತಪ್ಪು ಸೀರೆಯ ಬೆಲೆ ಹೇಳಿದ ಎಂದುಕೊಂಡು ಒಳಭಾಗ ತಿರುವಿ ನೋಡಿದೆ. ಮುಷ್ಟಿಯಲ್ಲಿ ಹಿಂಡಿದೆ. ಬಾಗಿಲಿಗೆ ತಂದೆ. ಅಮ್ಮನದ್ದರ ಹಾಗೆಯೇ ಇತ್ತು. ಅವನಿಗೆ ನನ್ನ ಅನುಮಾನ ಬೇರೆಯಾಗಿ ಕಂಡಿರಬೇಕು, ಗಲ್ಲಾದ ಕಡೆ ಕೈ ತೋರಿಸಿ, "ಬೋರ್ಡ್ ನೋಡಿ ಮೇಡಂ. ನಮ್ಮಲ್ಲಿ ಚೌಕಾಸಿ ಇಲ್ಲ" ಎಂದ. ಎರಡು ತಿಂಗಳ ಹಿಂದೆ ಇದರ ಬೆಲೆ ಎಷ್ಟಿತ್ತು ಎಂದು ಕೇಳಿದೆ. ಇಷ್ಟೇ, ಆಷಾಢದಲ್ಲಿ ಸ್ವಲ್ಪ ಇಳಿಸುತ್ತಾರೆ, ಅದು ಬಿಟ್ಟರೆ ಯಾವತ್ತೂ ಇಷ್ಟೇ ಎಂದ.

ಅಷ್ಟರಲ್ಲಿ ನಮ್ಮನ್ನು ಯಾವಾಗಲೂ ಕರೆದು ಕೂರಿಸುತ್ತಿದ್ದ ಹಳೆಯ ಸೇಲ್ಸ್‌ನವನು ಕಾಫಿ ಕುಡಿದು ಒಳಗೆ ಬಂದ. ನನ್ನನ್ನು ಕಂಡು ನಕ್ಕು, "ಇವರು ಟೀಚರ್ ಕಡೆಯವರು ಕಣಯ್ಯ" ಎಂದು ಹೊಸಬನಿಗೆ ಹೇಳಿದ. ಹೊಸಬ ಬರೆಯುತ್ತಿದ್ದ ಬಿಲ್ಲನ್ನು ಎಳೆದು ನೋಡಿದ. ಆಮೇಲೆ ಏನೂ ಆಗದವನ ಹಾಗೆ ಕೇಳಿದ:

"ಇದನ್ನ ಟೀಚರ್ ಹೆಸರಿಗೇ ಹಾಕ್ಲಾ ಮೇಡಂ, ಇಲ್ಲ ಇನ್ಮೇಲೆ ನಿಮ್ಮದೇ ಬೇರೆ ಹೆಸರು ಮಾಡ್ಕೊಳ್ಳೋಣ್ವಾ?"

ನನಗೆ ಅರ್ಥವಾಗಲಿಲ್ಲ ಎಂದೆ. ಅವನು ಸಂಕೋಚವಿಲ್ಲದೆ ವಿವರಿಸಿದ. ಟೀಚರ್ ಕರೆದುಕೊಂಡು ಬಂದವರ ಬಿಲ್ಲಿನ ಮೇಲೆ ಅಂಗಡಿಯವರು ಒಂದಿಷ್ಟು ಸೇರಿಸಿ, ಅದನ್ನು ಟೀಚರ್ ಹೆಸರಿಗೆ ಬರೆದಿಡುತ್ತಾರೆ. ಯುಗಾದಿಗೆ, ಗೌರಿಹಬ್ಬಕ್ಕೆ, ದೀಪಾವಳಿಗೆ ಟೀಚರ್ ಬಂದು ತಮಗೆ ಬೇಕಾದ ಸೀರೆ ಆರಿಸಿಕೊಳ್ಳುತ್ತಾರೆ. ಮೇ ರಜೆಗೆ ಮುಂಚೆ ಸ್ವಲ್ಪ ಕೈಖರ್ಚಿಗೂ ಇಸಿದುಕೊಳ್ಳುತ್ತಾರೆ. ಹದಿನೈದು ವರ್ಷದಿಂದ ಹೀಗೇ.

"ನೀವು ಕಂಪ್ಯೂಟರ್‌ನಲ್ಲಿ ಬರೀತೀರಂತಲ್ಲ, ಟೀಚರ್ ಹೇಳಿದ್ರು. ಅದನ್ನ ನೋಡ್ಕೊಂಡು, ಟೀಚರ್ ಕಳಿಸಿದ್ರು ಅಂತ ಬರ್ತಾರೆ. ಅವರದ್ದೂ ಟೀಚರ್ ಹೆಸರಿಗೇ ಹಾಕ್ತಿದೀವಿ. ಪಾಪ, ಬರೆಯೋರು ನೀವು."

ಯಾರ ಹೆಸರಿಗೂ ಬೇಡ ಎಂದು ದುಡ್ಡು ಕೊಟ್ಟು ಎದ್ದೆ. ಬಾಗಿಲಲ್ಲಿ ಎರಡೂ ಚಪ್ಪಲಿ ಹಾಕಿಕೊಳ್ಳುವಾಗ ಕಾಲು ಸರಿಯಾಗಿ ಸೇರಲಿಲ್ಲ.

ಮನೆಯವರೆಗೂ ನಡೆದೇ ಬಂದೆ. ಬಟ್ಟೆಯ ಬೆಲೆ ಗೊತ್ತಿಲ್ಲದವಳು ಮೋಸಹೋಗಿ ನಮ್ಮನ್ನೂ ಮೋಸಕ್ಕೆ ಸಿಕ್ಕಿಸಿದ್ದರೆ ಕ್ಷಮಿಸುವುದು ಸುಲಭವಿತ್ತು. ಆದರೆ ಅತ್ತೆಯ ಕಣ್ಣು ಸುಳ್ಳಲ್ಲ. ಅಮ್ಮನ ನೇರಳೆ ಸೀರೆಯ ಒಳಭಾಗವನ್ನು ನೋಡಿದಾಗಲೇ ಅದರ ಸರಿಯಾದ ಬೆಲೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದಳು, ಬಾಗಿಲಿಗೆ ನಡೆದಳು, ಕಾಲಿಗೆ ಚಪ್ಪಲಿ ಹಾಕಿದಳು. ಬೇರೆಯವರ ಮುಂದೆ ಆಡುವ ಆಟವನ್ನು, ನನ್ನ ಮೊದಲ ಸಂಬಳದ ಮುಂದೆ, ನಾನೊಬ್ಬಳೇ ಇದ್ದಾಗಲೂ ಆಡಿದಳು. ನನ್ನನ್ನಾದರೂ ಬಿಡಬಹುದಿತ್ತು ಎಂಬುದೊಂದೇ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ತಿರುಗುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು ಎಂದು ಬರೆಯಲು ಹೊರಟಿದ್ದೆ. ಮೇ ತಿಂಗಳಲ್ಲಿ ಅವರೆಕಾಳು ಎಲ್ಲಿಯದು. ಏನು ಮಾಡುತ್ತಿದ್ದಳೋ ನೆನಪಿಲ್ಲ. ಅವಳು ತಲೆ ಎತ್ತದೆ ಕೇಳಿಸಿಕೊಂಡದ್ದು ನೆನಪಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ, "ಗೊತ್ತು" ಎಂದಳು.

ಎಷ್ಟು ದಿನದಿಂದ ಎಂದು ಕೇಳಿದೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಎಂದಳು. ಒಮ್ಮೆ ಅವಳೂ ಒಬ್ಬಳೇ ಆ ಅಂಗಡಿಗೆ ಹೋಗಿದ್ದಳಂತೆ.

"ಅವಳ ಜೊತೆ ಊರೂರು ಸುತ್ಕೊಂಡು ಬಂದಾಗ ನಿನ್ನ ಮುಖ ನೋಡೋ ಹಾಗಿರ್ತಿತ್ತು. ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

"ಆ ಸೀರೆ ನಿನಗೆ ತಂದಿದ್ದು, ಅಮ್ಮ."

"ಚೆನ್ನಾಗಿದೆಯಲ್ಲ," ಎಂದಳು ಅಮ್ಮ. "ಭಾನುವಾರ ಅದನ್ನೇ ಉಡ್ತೀನಿ."

ಅತ್ತೆಯ ಮೇಲಿನ ಸಿಟ್ಟಿಗೆ ಒಂದು ಆಕಾರವಾದರೂ ಇತ್ತು. ಅಮ್ಮನ ಈ ಮಾತಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ನನ್ನ ಸಂತೋಷವನ್ನು ಇಬ್ಬರೂ ಸೇರಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನೋಡಿಕೊಂಡಿದ್ದರು.

ಭಾನುವಾರ ಹದಿನೈದಿಪ್ಪತ್ತು ಹೆಂಗಸರು ಸೇರಿದ್ದರು, ಹೆಚ್ಚಿನವರು ಅತ್ತೆಯ ಜೊತೆ ಚಿಕ್ಕಪೇಟೆಗೆ ಹೋಗಿ ಬಂದವರೇ. ಎದುರು ಮನೆಯ ಆಂಟಿಯೂ ಬಂದಿದ್ದರು. ಅವರು ಚನ್ನಪಟ್ಟಣದ ಕಡೆಯ ಹಳ್ಳಿಯಿಂದ ಬಂದು ನೆಲೆಸಿದವರು. ಯಜಮಾನರದು ಸೈಟು ಕೊಡಿಸುವ, ಮಾರಿಸುವ ವ್ಯವಹಾರ. ಹಿಂದಿನ ವರ್ಷ ಮಗಳ ಮದುವೆಗೆ ಅತ್ತೆಯನ್ನೇ ಕರೆದುಕೊಂಡು ಹೋಗಿ ಒಂದೇ ದಿನ ಹನ್ನೊಂದು ಸೀರೆ ತಂದಿದ್ದರು.

ಊಟವಾದ ಮೇಲೆ ಸೀರೆಯನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮದ ಜೊತೆ ಅತ್ತೆಗೆ ಕೊಟ್ಟು ನಮಸ್ಕಾರ ಮಾಡಿದೆ. ಯಾರೋ ಅದನ್ನು ಎತ್ತಿಕೊಂಡು ಚಾಪೆಯ ಮೇಲೆ ಬಿಡಿಸಿದರು. ಅಮ್ಮ ಪಕ್ಕದಲ್ಲೇ ನೇರಳೆ ಸೀರೆಯಲ್ಲಿ ನಿಂತಿದ್ದಳು. ಜೋಡಿ ಜೋಡಿ ಎಂದು ಎಲ್ಲರೂ ಹೇಳಿದರು. ಆಮೇಲೆ ಆ ಮಾತು ಬರಲೇಬೇಕಿತ್ತು, ಬಂತು. ಎಷ್ಟಿರಬಹುದು?

ಸುತ್ತ ಒಂದು ಸುತ್ತು ಬೆಲೆ ಬಂದು, ಅತ್ತೆಯ ಹತ್ತಿರ ನಿಂತಿತು. ಅವಳು ಒಳಭಾಗ ನೋಡಲಿಲ್ಲ. ನನ್ನನ್ನು ನೋಡಿದಳು. ಯಾರ ಜೊತೆ ಹೋಗಿದ್ದೆ ಎಂದು ಕೇಳಿದಳು. ಒಬ್ಬಳೇ ಎಂದೆ. ಅವಳು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ, ಸೆರಗಿನ ಅಂಚನ್ನು ಸುಮ್ಮನೆ ಸವರುತ್ತ, "ಅತ್ತಿಗೇದು ಎಷ್ಟೋ ಇದೂ ಅಷ್ಟೇ. ಸಾವಿರದ ಎಂಟುನೂರ ಐವತ್ತು" ಎಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಹೂಂ ಎಂದುಬಿಟ್ಟಿದ್ದರೆ ಕಾಫಿ ಬರುತ್ತಿತ್ತು, ದಿನ ಮುಗಿಯುತ್ತಿತ್ತು. ಆದರೆ ಹೂಂ ಎಂದರೆ ನಾನೂ ಆ ಅಂಗಡಿಯಲ್ಲಿ ಒಂದು ಹೆಸರು ಮಾಡಿಕೊಂಡ ಹಾಗೆ.

"ಇಲ್ಲ ಅತ್ತೆ. ಸಾವಿರದ ನಾನೂರ ಐವತ್ತು. ಒಂದೇ ದರ."

ಮೊದಲಿಗೆ ನಕ್ಕರು. ಟೀಚರ್ ಮೊದಲ ಸಲ ಸೋತರು ಎಂದರು. ಶಿಷ್ಯೆ ಗುರುವನ್ನು ಮೀರಿಸಿದಳು, ಇನ್ನು ಮುಂದೆ ಇವಳ ಜೊತೆಯೇ ಹೋಗಬೇಕು ಎಂದು ಇಬ್ಬರು ನನ್ನ ಬೆನ್ನು ತಟ್ಟಿದರು. ಎಷ್ಟು ಹೊತ್ತು ಕೂತಿದ್ದೆ, ಚಪ್ಪಲಿ ಹಾಕಿಕೊಂಡೆಯಾ ಎಂದು ಕೇಳಿದರು. ಎದುರು ಮನೆಯ ಆಂಟಿ ಮಾತ್ರ ನಗಲಿಲ್ಲ. ಬಗ್ಗಿ ಅಂಚನ್ನು ಮುಟ್ಟಿ, ಅಮ್ಮನ ಸೀರೆಯನ್ನು ನೋಡಿ, ಮತ್ತೆ ಮುಟ್ಟಿದರು. ಎದ್ದು ಸೆರಗು ಸರಿಮಾಡಿಕೊಂಡು ಬಹಳ ಮೆತ್ತಗೆ ಹೇಳಿದರು:

"ನಮ್ಮೆಜಮಾನ್ರು ಎರಡು ಪರ್ಸೆಂಟು ಅಂತ ಬಾಯ್ಬುಟ್ಟು ಕೇಳಿಯೇ ಇಸ್ಕೋತಾರೆ ಟೀಚರ್. ನೀವೂ ಒಂದ್ಮಾತು ಕೇಳಿದ್ರೆ ನಾವೇ ಖುಷಿಯಾಗಿ ಕೊಡ್ತಿದ್ವಲ್ಲ."

ಅಮ್ಮ ಕಾಫಿ ತರುತ್ತೇನೆಂದು ಒಳಗೆ ಹೋದಳು. ಆಂಟಿ ಕಾಫಿಗೆ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಅತ್ತೆ ನನ್ನ ಜೊತೆ ಮಾತಾಡಿದಳು. ಕ್ಷಮಿಸು ಎಂದು ಕೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಕೇಳಲಿಲ್ಲ. ಅರ್ಧ ದಿನ ಬಿಸಿಲಲ್ಲಿ ಅವರ ಜೊತೆ ಸುತ್ತುತ್ತಿದ್ದೆ, ಬಸ್ ಚಾರ್ಜು ಕೂಡ ನನ್ನದೇ, ಒಬ್ಬಳಾದರೂ ಒಂದು ಲೋಟ ಕಾಫಿ ಕೊಡಿಸಿದ್ದಾಳಾ ಎಂದಳು. ಒಂಟಿ ಹೆಂಗಸು, ಶಾಲೆಯ ಸಂಬಳ, ಒಳ್ಳೆಯ ಸೀರೆ ಉಟ್ಟು ಬಂದರೆ ಮಾತ್ರ ನಿಮ್ಮ ಹಜಾರದಲ್ಲಿ ಚಾಪೆಯ ಮಧ್ಯೆ ಜಾಗ, ಇಲ್ಲದಿದ್ದರೆ ಅಡುಗೆಮನೆಯಲ್ಲಿ ಎಂದಳು. ಅದು ಪೂರ್ತಿ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಯ ಉತ್ತರ. ಅಮ್ಮನ ಸೀರೆಗೂ ಯಾಕೆ ಎಂದು ಕೇಳಿದೆ.

ಅವಳು ರಸ್ತೆಯ ಕಡೆ ತಿರುಗಿದಳು.

"ನಿನಗೆ ಮಾತ್ರ ಸರಿಯಾದ ರೇಟು ಹೇಳಿಸಿದ್ರೆ ಅವತ್ತೇ ನಿನಗೆ ಗೊತ್ತಾಗ್ತಿತ್ತು," ಎಂದಳು. "ನೀನು ಇಷ್ಟು ವರ್ಷ ಏನು ಬರೆದೆ, ಯಾವ ದುಡ್ಡಲ್ಲಿ ಬೇಲೂರು ನೋಡ್ದೆ ಅಂತಾನೂ ಯೋಚ್ನೆ ಮಾಡು."

ಅತ್ತೆ ಎದ್ದಳು. ಹಸಿರು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು, ಒಂದು ಕಾಲಿಗೆ ಚಪ್ಪಲಿ ಹಾಕಿದಳು. ಇನ್ನೊಂದು ಕಾಲು ಮೆಟ್ಟಿಲ ಮೇಲೇ ಇತ್ತು. ಬೇಕೆಂದು ನಿಂತಳೋ, ಬಾರು ಸಿಕ್ಕಿಕೊಂಡಿತ್ತೋ ತಿಳಿಯದು. ನಾನು ಕರೆಯಲಿಲ್ಲ.

ಬ್ಲಾಗಿನಲ್ಲಿ ನಾನು ಆ ಬರಹವನ್ನು ತೆಗೆಯಲಿಲ್ಲ. ಟೀಚರ್ ಕಳಿಸಿದರು ಎಂದು ಹೇಳಿ ಎಂಬ ಸಾಲನ್ನು ಅಳಿಸಿ, ಆ ಜಾಗದಲ್ಲಿ, ಆ ಅಂಗಡಿಗೆ ಒಬ್ಬರೇ ಹೋಗಿ, ಯಾರ ಹೆಸರನ್ನೂ ಹೇಳಬೇಡಿ, ಬೋರ್ಡನ್ನು ನೋಡಿ ಎಂದು ಬರೆದೆ. ಬಸ್ ಸ್ಟಾಪಿನವರೆಗೆ ನಡೆದಿದ್ದವಳಿಗೆ, ಅಂಗಡಿಯವರು ನಿಮಗೆ ಹೇಳಿದ ಬೆಲೆಯೇ ಸರಿ, ತಪ್ಪು ನನ್ನದು ಎಂದು ಉತ್ತರ ಹಾಕಿದೆ. ಯಾಕೆ ಎಂದು ಅವಳು ಕೇಳಿದಳು. ಹೇಳಲಿಲ್ಲ.

ಜೂನ್‌ನಲ್ಲಿ ನಾವಿಬ್ಬರೂ ಮೇಲುಕೋಟೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಒಬ್ಬಳೇ ಹೋದೆ. ಬೆಳಗಿನ ಬಸ್ಸು, ಒಂದೇ ಚೀಲ, ಚಪಾತಿ, ಚಟ್ನಿಪುಡಿ. ರಾತ್ರಿ ಒಗೆದದ್ದು ಬೆಳಗಿಗೆ ಒಣಗುವ ಹಾಗಿತ್ತು. ಅವಳು ಕಲಿಸಿದ್ದರಲ್ಲಿ ಯಾವುದೂ ಸುಳ್ಳಾಗಲಿಲ್ಲ. ಒಂದಾದರೂ ಸುಳ್ಳಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ನಾವು ಯಾವಾಗಲೂ ಇಳಿಯುತ್ತಿದ್ದ ಛತ್ರದ ಮುದುಕರು ನನ್ನ ಗುರುತು ಹಿಡಿದು, "ಟೀಚರ್ ಬರ್ಲಿಲ್ವೇನಮ್ಮಾ?" ಎಂದರು. ಈ ಸಲ ಇಲ್ಲ ಎಂದೆ. ಅವರು ರಿಜಿಸ್ಟರ್ ತಿರುಗಿಸಿ ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟರು. ರೂಮಿಗೆ ಎಷ್ಟು ಎಂದು ಕೇಳಿದೆ. ಯಾವಾಗಲೂ ಕೊಡುತ್ತಿದ್ದಷ್ಟನ್ನೇ ಹೇಳಿದರು. ಅಲ್ಲಿಗೆ ಸುಮ್ಮನಾಗಬೇಕಿತ್ತು.

"ಟೀಚರ್ ಜೊತೆ ಬಂದಾಗಲೂ ಇಷ್ಟೇನಾ? ಅವರ ಹೆಸರಿಗೆ ಬೇರೆ ಏನಾದ್ರೂ ಬರ್ಕೋತೀರಾ?"

ಮುದುಕರು ನನ್ನ ಮುಖವನ್ನೇ ನೋಡಿದರು. ಪ್ರಶ್ನೆ ಅವರಿಗೆ ಅರ್ಥವೇ ಆಗಿರಲಿಲ್ಲ.

"ಇರೋರು ನೀವು ತಾನೇ ತಾಯಿ? ನಿಮ್ಮ ಹೆಸರು ಬರೀರಿ ಸಾಕು," ಎಂದರು.

ಬರೆದೆ. ಪುಟದ ಮೇಲ್ಭಾಗದಲ್ಲಿ, ಹಿಂದಿನ ವರ್ಷದ್ದಿರಬೇಕು, ಅವಳ ದುಂಡನೆಯ ಅಕ್ಷರದಲ್ಲಿ ನಮ್ಮಿಬ್ಬರ ಹೆಸರೂ ಇತ್ತು. ನನ್ನದನ್ನು ಅವಳು ಮೊದಲು ಬರೆದಿದ್ದಳು.